ಪೂಜೆಗೆಂದು ನಿಲ್ಲಿಸಿದ ಕಂಪ್ಯೂಟರು

ಇವತ್ತು ಅಂಗಳ ಗುಡಿಸಿದೆ, ನೀರು ತುಂಬಿದೆ, ಜೋಳ ಹಸನು ಮಾಡಿ ಗಿರಣಿಗೆ ಕಳಿಸಿದೆ. ಮಧ್ಯಾಹ್ನ ಫ್ರಿಜ್ಜು ಬಂದ್ ಮಾಡಿ, ಮೇಲಿನ ಖಾನೆಯಲ್ಲಿ ಕಟ್ಟಿದ್ದ ಐಸು ಬಿಡಿಸಿದೆ. ಒಂದು ಗಡ್ಡೆ ಕೈಗೆ ಬಂತು. ಹಿಡಿದುಕೊಂಡೇ ಕೂತೆ... ನಮ್ಮ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ಸರ್ ನೆನಪಾದರು.

ಗಂಗಾವತಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ಪಿಎಚ್.ಡಿ.ಗಾಗಿ ಕಂಪ್ಯೂಟರಿನೊಳಗೇ ನೀರನ್ನು ಐಸು ಮಾಡುವ ಕೆಲಸ ಹಿಡಿದಿದ್ದರು. ಪರದೆಯ ತುಂಬ ಕೆಂಪು, ಬಿಳಿ ಚುಕ್ಕಿಗಳ ಗದ್ದಲ. ಒಂದೊಂದು ಚುಕ್ಕಿ ಮುಂದೆ ಎತ್ತ ಸರಿಯುತ್ತದೆಂದು ಯಂತ್ರ ಹಗಲಿರುಳು ಲೆಕ್ಕ ಹಾಕುತ್ತಿತ್ತು.

"ಇಷ್ಟ ಥಂಡಿ ಇಟ್ಟೀರಿ, ಯಾಕ ಗಡ್ಡಿ ಕಟ್ಟವಲ್ದರಿ ಸರ?" ಎಂದು ಕೇಳಿದ್ದೆ.

"ಮೊದಲ ಒಂದು ಸಣ್ಣ ಹರಳು ಕೂಡಬೇಕ್ರಿ ಅಕ್ಕಾರ. ಕೂಡತಾವು, ಒಡೀತಾವು. ಒಂದು ಒಡೀದಂಗ ನಿಂತ್ರ ಉಳಿದದ್ದು ತಾನ ಕಟ್ಟತೈತಿ. ಅಲ್ಲೀತನಾ ಕಾಯೂದು."

ದಸರಾ ಮುಗಿದು ವಾರದೊಳಗೆ ಅದನ್ನು ಗೈಡಿಗೆ ತೋರಿಸಬೇಕಿತ್ತು. ಇಲ್ಲದಿದ್ದರೆ ನೋಂದಣಿಯೇ ರದ್ದು.

ಆಯುಧಪೂಜೆಗೆ ಸರ್ ತಾವರಗೇರಾದ ತಮ್ಮ ಮನೆಗೆ ಹೋದರು. ಕೋಣೆಯ ಕೀಲಿ ನನ್ನಲ್ಲಿತ್ತು. ಹೊಲಿಗೆ ಯಂತ್ರ, ಮಿಕ್ಸಿ, ಯಜಮಾನರ ಗಾಡಿ, ಎಲ್ಲಕ್ಕೂ ಪೂಜೆಯಾಯಿತು. ಆ ದಿನ ಯಂತ್ರವನ್ನು ದುಡಿಸಬಾರದು. ಪಾಪ, ಇದಕ್ಕೆ ಇಪ್ಪತ್ತು ದಿನದಿಂದ ವಿಶ್ರಾಂತಿಯಿಲ್ಲವೆಂದು ಗುಂಡಿ ಒತ್ತಿ ಆರಿಸಿ, ವಿಭೂತಿ ಹಚ್ಚಿ, ಚೆಂಡುಹೂ ಏರಿಸಿದೆ.

ಮರುದಿನ ಊರಿಂದ ಬಂದ ಸರ್ ಬಾಗಿಲಲ್ಲೇ ನಿಂತುಬಿಟ್ಟರು. ಊರಿಗೆ ಹೊರಡುವ ಮುನ್ನ ನೋಡಿದಾಗ ಒಂದು ಹರಳು ಒಡೆಯದೆ ನಿಂತಿತ್ತಂತೆ. ಯಂತ್ರದಲ್ಲಿ ಉಳಿದಿದ್ದು ಅದಕ್ಕೂ ಮೂರು ದಿನ ಹಿಂದಿನ ಲೆಕ್ಕ...

"ತಪ್ಪಾತ್ರಿ ಸರ," ಎಂದೆ.

ಅವರು ಹೂ ತೆಗೆಯದೆ ಗುಂಡಿ ಒತ್ತಿದರು. "ಪೂಜಿ ಆಗೇತಿ, ಇನ್ನ ಛಲೋ ದುಡಿತೈತಿ ಬಿಡ್ರಿ. ಮುಂದಿನ ವರ್ಷ ಮಾತ್ರ ನನಗ ಮಾಡ್ರಿ ಪೂಜಿ. ನಾ ಆರಾಮ ನಿಂತಿರ್ತೀನಿ."

ಆರು ದಿನ ನಮ್ಮ ಮನೆಯ ಇನ್ವರ್ಟರು ಆ ಕಂಪ್ಯೂಟರೊಂದಕ್ಕೇ. ಕರೆಂಟು ಹೋದಾಗ ನಾವು ಬೀಸಣಿಗೆ ಹಿಡಿದು ಕೂತೆವು. ಆರನೆಯ ಮಧ್ಯಾಹ್ನ ಮೇಲಿಂದ ಕೂಗಿದರು: "ಅಕ್ಕಾರ, ಲಗೂ ಬರ್ರಿ."

ಹಿಟ್ಟಿನ ಕೈಯಲ್ಲೇ ಹತ್ತಿ ಹೋದೆ. ಒಂದು ಮೂಲೆಯಲ್ಲಿ ಚುಕ್ಕಿಗಳು ಗದ್ದಲ ಬಿಟ್ಟು, ಆರು ಮೂಲೆಯ ಬಳೆಗಳಾಗಿ ಸಾಲುಗಟ್ಟುತ್ತಿದ್ದವು. ನೋಡನೋಡುತ್ತ ಪರದೆ ತುಂಬಿತು. ಸರ್ ಕಣ್ಣು ಒರೆಸಿಕೊಂಡರು. ಗಡುವಿಗೆ ಇನ್ನೊಂದೇ ದಿನ ಉಳಿದಿತ್ತು.

ಡಾಕ್ಟರೇಟು ಬಂತು. ಕುಷ್ಟಗಿಗೆ ವರ್ಗವಾಗಿ ಹೋದರು. ಹೋದ ವರ್ಷ ಎದೆನೋವು ಬಂದು ತೀರಿಕೊಂಡರು. ಆಗ ಮಗಳ ಬಾಣಂತನದಲ್ಲಿದ್ದೆ, ಮಣ್ಣಿಗೂ ಹೋಗಲಾಗಲಿಲ್ಲ. ಅವರು ಒಂದು ದಿನವೂ ನನ್ನ ತಪ್ಪನ್ನು ಇನ್ನೊಬ್ಬರ ಮುಂದೆ ಆಡಿದವರಲ್ಲ...

ಸಂಜೆ ಯಜಮಾನರಿಗೆ ಹೇಳಿದೆ. "ಭಾಳ ಛಲೋ ಮನಷ್ಯಾ," ಎಂದರು. ರೊಟ್ಟಿ, ಹೆಸರುಕಾಳಿನ ಪಲ್ಯ, ಮಜ್ಜಿಗೆ ಉಂಡೆವು. ಯಜಮಾನರು ಮೊದಲು ಮಲಗಿದರು.