ಬಾಗಿಲು ತಟ್ಟಿ ಒಳಹೋಗುವ ಅಗ್ರಫೇನಾ

ಇರ್ತಿಷ್ ನದಿಯ ದಡದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಗೋಧಿ ತಳಿ ಕೇಂದ್ರದ ಬೆಚ್ಚನೆಯ ಕೋಣೆಯ ಮುಂದೆ ಅಗ್ರಫೇನಾ ಲೂಕಿನಿಚ್ನಾ ಬೂಟಿನ ಹಿಮ ಕೊಡವಿ, ಮೆಲ್ಲಗೆ ಬಾಗಿಲು ತಟ್ಟುತ್ತಾರೆ. ಒಳಗೆ ಯಾರೂ ಇಲ್ಲ. ಆದರೂ ಒಂದು ಗಳಿಗೆ ಕಾದೇ ಒಳಹೋಗುತ್ತಾರೆ.

"ಯಾರನ್ನ ಬಚ್ಚಿಟ್ಟಿದ್ದೀರಿ, ಲೂಕಿನಿಚ್ನಾ?" ಎಂದು ಹಿಂದೆಯೇ ಬಂದ ತಳಿ ವಿಜ್ಞಾನಿ ರೊದಿಯೋನ್ ಸಾವಿಚ್ ರೇಗಿಸುತ್ತಾರೆ.

"ಯಾರು ಸತ್ತಿದಾರೆ, ಯಾರು ಬದುಕಿದಾರೆ ಅಂತ ಗೊತ್ತಿಲ್ಲದ ಮನೆ ಅದು. ಹೇಳದೆ ಕೇಳದೆ ನುಗ್ಗೋಕಾಗುತ್ತಾ?"

ಶರತ್ಕಾಲದಲ್ಲಿ ತಾವೇ ಬಿತ್ತಿದ ಗೋಧಿಯನ್ನು ನಡುಚಳಿಗಾಲದಲ್ಲಿ ಹೆಪ್ಪುಗಟ್ಟಿದ ಮಣ್ಣಿನ ಸಮೇತ ಕೊಡಲಿಯಿಂದ ಕಡಿದು, ಪೆಟ್ಟಿಗೆಗೆ ತುಂಬಿ ತರುವುದು ಅಗ್ರಫೇನಾರ ಕೆಲಸ. ಬೆಚ್ಚಗಾದ ಮೇಲೆ ಚಿಗುರಿದ್ದು ಮುಂದಿನ ತಳಿಗೆ ಬೀಜ, ಚಿಗುರದ್ದು ತಿಪ್ಪೆಗೆ. "ಮೂವತ್ತು ವರ್ಷದಿಂದ ಸಾಯಿಸೋದೇ ನನ್ನ ಕೆಲಸ. ಸಾಯದೇ ಇರೋದನ್ನ ಹುಡುಕಬೇಕಲ್ಲ," ಎಂದು ನಗುತ್ತಾರೆ.

ಅವರ ಜೊತೆ ಬಂದಿರುವ ನಾನೂ ಇದೇ ಊರಿನವಳು. ಆದರೂ ಆ ಕೋಣೆಯಲ್ಲಿ ನಿಲ್ಲಲು ನನಗೆ ಹೆದರಿಕೆ. ಕರಗುವ ಮಣ್ಣು ಪೆಟ್ಟಿಗೆಯೊಳಗೆ ನಿಟ್ಟುಸಿರು ಬಿಟ್ಟಂತೆ ಸದ್ದು ಮಾಡುತ್ತದೆ.

ಕಿಟಕಿ ಪಕ್ಕದ ಪೆಟ್ಟಿಗೆಗೆ ಚಿಗುರಲು ಇಂದು ಕೊನೆಯ ದಿನ. ಅದರಲ್ಲಿರುವುದು ಅವರು ಹನ್ನೆರಡು ವರ್ಷ ಸಾಕಿದ ಗೋಧಿ ತಳಿ. ಈ ಸಲ ಹಿಮ ತಡವಾಗಿ ಬಿದ್ದು, ಅದರ ಹೊದಿಕೆಯಿಲ್ಲದೆ ಬರಿನೆಲ ಮರಗಟ್ಟಿತ್ತು. ಒಂದು ಸಸಿಯಾದರೂ ಏಳದಿದ್ದರೆ ಆ ತಳಿ ಅಲ್ಲಿಗೆ ಮುಗಿಯಿತು.

ಮಬ್ಬಿನಲ್ಲಿ ಒಂದೇ ಒಂದು ಮೊಳಕೆ ಕಾಣುತ್ತದೆ. ಅಗ್ರಫೇನಾ ದೀಪ ಹಾಕುವುದಿಲ್ಲ.

"ಹಸಿರಿದ್ರೆ ನಮ್ಮದು, ತಾಯಿ. ಬೆಳಕಾಗಲಿ," ಎಂದು ನನಗೆ ಹೇಳುತ್ತಾರೆ.

ಬೆಳಕಾಗುತ್ತದೆ. ಮೊಳಕೆ ಕೆಂಪಗಿದೆ. ಅದು ಗೋಧಿಯಲ್ಲ, ಕಪ್ಪು ರೊಟ್ಟಿಯ ಧಾನ್ಯ ರೈ.

"ಬೀಜದಲ್ಲಿ ಒಂದು ರೈ ಕಾಳು ಸೇರಿಕೊಂಡಿರುತ್ತೆ," ಎನ್ನುತ್ತಾರೆ ರೊದಿಯೋನ್.

"ಒಂದೊಂದೇ ಕಾಳು ನಾನೇ ಆರಿಸಿದ್ದು."

"ಕಣ್ಣು ತಪ್ಪಿರುತ್ತೆ."

"ಪ್ರತಿ ವರ್ಷವೂ?"

ಚಳಿ ತಡೆಯಲಾರದ ಗೋಧಿ ರಾತ್ರೋರಾತ್ರಿ ರೈ ಆಗಿಬಿಡುತ್ತದೆ ಎಂದು ಅಗ್ರಫೇನಾರ ಅಜ್ಜಿ ಹೇಳುತ್ತಿದ್ದರಂತೆ. ನಮ್ಮೂರ ಮುದುಕರೆಲ್ಲ ನಂಬಿದ್ದ ಮಾತು ಅದು.

ಅಗ್ರಫೇನಾ ಸಸಿಯನ್ನು ಉಗುರಿನಿಂದ ಎಬ್ಬಿಸಿ ಹಳೆಯ ಡಬ್ಬಿಯೊಂದರಲ್ಲಿ ನೆಟ್ಟು ಕಿಟಕಿಯಲ್ಲಿಡುತ್ತಾರೆ. ಅಲ್ಲಿ ಹೀಗೇ ಎದ್ದ ರೈ ಸಸಿಗಳ ಡಬ್ಬಿಗಳು ಸಾಲಾಗಿವೆ. ಗಿಡಗಳು ಕಿಟಕಿಯ ಬೆಳಕಿನತ್ತ ವಾಲಬೇಕಿತ್ತು. ಇವೆಲ್ಲ ಬಾಗಿಲಿನತ್ತ ವಾಲಿವೆ.

ಅಗ್ರಫೇನಾ ಬರೀ ಮಣ್ಣುಳಿದ ಪೆಟ್ಟಿಗೆಯನ್ನು ಸೊಂಟಕ್ಕೇರಿಸಿಕೊಂಡು ತಿಪ್ಪೆಯತ್ತ ಹೊರಡುತ್ತಾರೆ.

"ಇವು ಕರೀದೇ ಬಂದವು, ಬರಲಿ ಬಿಡು," ಎನ್ನುತ್ತಾರೆ. "ಕರೆದ ಗೋಧಿಯೂ ಒಂದು ಸಲ ಬಂದ್ರೆ ಸಾಕು."