ಅಂಗಿ ಹೇಳಿದ ಮಾತು

ದೊಡ್ಡವ್ವನ ಬೆರಳ ತುದಿಗಳು ಯಾವಾಗಲೂ ನೀರಲ್ಲಿ ನೆನೆದು ಬಿಳಿಚಿಕೊಂಡು ಸುಕ್ಕಾಗಿರುತ್ತಿದ್ದವು. ಹಬ್ಬದ ದಿನ ಅರಿಸಿನ ಹಚ್ಚಿಕೊಂಡರೂ ಆ ತುದಿಗಳಿಗೆ ಬಣ್ಣ ಹತ್ತುತ್ತಿರಲಿಲ್ಲ. ಆಕೆ ನನಗೆ ರಕ್ತಸಂಬಂಧಿಯಲ್ಲ. ಆದವಾನಿ ಕಡೆಯ ಗುಡ್ಡದ ಬುಡದಲ್ಲಿರುವ ನಮ್ಮ ಊರಿನ ಬಟ್ಟೆ ಒಗೆಯುತ್ತಿದ್ದವಳು, ಊರಿಗೆಲ್ಲ ದೊಡ್ಡವ್ವ.

ಬಟ್ಟೆ ಒಗೆಯುವವಳಿಗೆ ಊರ ಗುಟ್ಟೆಲ್ಲ ತಿಳಿಯುತ್ತದೆ. ಯಾರು ಕುಡಿದು ಬಿದ್ದರು, ಯಾರ ಜೇಬಲ್ಲಿ ಆಸ್ಪತ್ರೆಯ ಚೀಟಿ ಇತ್ತು, ಎಲ್ಲ. ಯಾರಾದರೂ ಬಾಯಿ ಬಿಡಿಸಲು ನೋಡಿದರೆ, "ನಾ ಕೊಳಿ ತೊಳ್ಯಾಕಿ. ಊರಿಗೆ ಹಂಚಾಕಿ ಅಲ್ಲ" ಎಂದು ಸುಮ್ಮನಾಗಿಸುತ್ತಿದ್ದಳು.

ಹಳ್ಳದ ಉಸುಕಿನಲ್ಲಿ ಆಕೆ ತೋಡಿದ ಒರತೆಯ ನೀರನ್ನೇ ನಾವು ಕುಡಿಯುತ್ತಿದ್ದೆವು. ಬೋರಿನ ನೀರು ಸವಳು. ಆಕೆ ಬಟ್ಟೆ ಒಗೆಯುತ್ತಿದ್ದುದು ಅದಕ್ಕಿಂತ ಎಷ್ಟೋ ಕೆಳಗೆ. ಒರತೆಯ ಹತ್ತಿರ ಯಾರಾದರೂ ಸೋಪು ತಂದರೆ ಬೈಗುಳ ತಪ್ಪುತ್ತಿರಲಿಲ್ಲ. ದಿನಾ ಬೆಳಿಗ್ಗೆ ಬಿಳಿ ಪಂಚೆಯ ತುಂಡೊಂದನ್ನು ಒರತೆಯಲ್ಲಿ ಅದ್ದಿ, ಬಿಸಿಲಿಗೆ ಹಿಡಿದು ನೋಡಿ, ಆಮೇಲೆ "ತುಂಬ್ಕೋರಿ" ಎನ್ನುತ್ತಿದ್ದಳು. ಅಲ್ಲಿಯವರೆಗೆ ಕೊಡ ಹಿಡಿದವರೆಲ್ಲ ಕಾಯಬೇಕು.

ಆ ಬೇಸಿಗೆ ಗುಡ್ಡಕ್ಕೆ ಬೆಂಕಿ ಬಿತ್ತು. ಬಿತ್ತು ಎಂದು ಊರು ಹೇಳುತ್ತದೆ. ಇಟ್ಟವನು ನಾನು. ನನಗೆ ಕುರಿಗಳಿದ್ದವು. ಒಣಹುಲ್ಲು ಸುಟ್ಟರೆ ಮೊದಲ ಮಳೆಗೆ ಎಳೆ ಹುಲ್ಲು ಬರುತ್ತದೆಂದು ನಮ್ಮ ಹಿರಿಯರೂ ಸುಡುತ್ತಿದ್ದರು. ಆದರೆ ಅವರು ಗಾಳಿ ನೋಡಿ, ಒಂದು ಮೂಲೆ ಮಾತ್ರ ಸುಡುತ್ತಿದ್ದರು. ನಾನು ಹಿಂದೆಮುಂದೆ ನೋಡದೆ ಕಡ್ಡಿ ಗೀರಿದೆ. ಗುಡ್ಡ ಮೂರು ದಿನ ಉರಿಯಿತು. ಯಾರೋ ದಾರಿಹೋಕನ ಬೀಡಿ ಎಂದು ಊರು ಬೈದಾಗ ನಾನೂ ಸೇರಿಕೊಂಡು ಬೈದೆ.

ಮೃಗಶಿರ ಮಳೆ ಜೋರಾಗಿಯೇ ಬಂತು. ಹಿಂದೆಲ್ಲ ಹುಲ್ಲು, ಪೊದೆ ಹಿಡಿದಿಟ್ಟು ಬಿಡುತ್ತಿದ್ದ ನೀರು ಹಳ್ಳದಲ್ಲಿ ವಾರಗಟ್ಟಲೆ ಹರಿಯುತ್ತಿತ್ತು. ಈ ಸಲ ಗಂಟೆಯೊಳಗೆ ದಡ ಮೀರಿ ಬಂದು ಸಂಜೆಗೆ ಬರಿದಾಯಿತು. ಬಂದದ್ದೂ ಕಪ್ಪು ನೀರು. ಒರತೆಯಲ್ಲಿ ಮೊಣಕಾಲುದ್ದ ಬೂದಿಗೆಸರು ತುಂಬಿತು. ಆಕೆ ಅದ್ದಿದ ಬಿಳಿ ತುಂಡು ಇದ್ದಿಲ ಬಣ್ಣಕ್ಕೆ ತಿರುಗಿತು.

"ಬೂದಿ ಬಟ್ಟಿ ಒಗ್ಯಾಕ ಛಲೋನ ಅಲ್ಲೇನು ದೊಡ್ಡವ್ವಾ" ಎಂದು ಯಾರೋ ನಕ್ಕರು. ಆಕೆ ನಗಲಿಲ್ಲ. ನಾನು ಕಾದಿದ್ದ ಎಳೆ ಹುಲ್ಲೂ ಬರಲಿಲ್ಲ. ಗುಡ್ಡದ ಮಣ್ಣೇ ಕೊಚ್ಚಿಹೋಗಿತ್ತು.

ಬಿಳಿ ತುಂಡು ಕಪ್ಪಾದ ದಿನವೇ ಸಂಜೆ ಆಕೆ ನಮ್ಮ ಕುರಿಹಟ್ಟಿಗೆ ಬಂದಿದ್ದಳು.

"ನೀ ಒಗ್ಯಾಕ ಹಾಕಿದ ಅಂಗಿ ಇನ್ನೂ ನನ್ನತ್ರ ಐತಿ, ತಮ್ಮಾ. ತೋಳಿನಾಗ ಕಿಡಿ ಬಿದ್ದು ಆರು ತೂತು."

ಯಾರಾದರೂ ಕೇಳಿಸಿಕೊಂಡರೇ ಎಂದು ನಾನು ಹಿಂದೆ ತಿರುಗಿ ನೋಡಿದೆ.

"ಅಂಗಿ ನನಗ ಹೇಳಿದ್ದು ನನ್ನತ್ರನ ಇರ್ತೈತಿ. ನಾಳಿ ಸಲಿಕಿ ತಗೊಂಡು ಹಳ್ಳಕ್ಕ ಬಾ."

"ಬರ್ತೀನಿ ದೊಡ್ಡವ್ವಾ" ಎಂದೆ.

ಹೋಗಲಿಲ್ಲ. ಸಲಿಕೆ ಹಿಡಿದು ಅಲ್ಲಿ ನಿಂತರೆ, ಇವನಿಗೇಕೆ ಇಷ್ಟು ಕಾಳಜಿ ಎಂದು ಯಾರಾದರೂ ಕೇಳಿಯಾರು ಎಂಬ ಹೆದರಿಕೆ. ಆದವಾನಿಯಲ್ಲಿ ಕೆಲಸವಿದೆ ಎಂದು ಬಸ್ಸು ಹತ್ತಿ, ಅಕ್ಕನ ಮನೆಯಲ್ಲಿ ಐದು ದಿನ ಉಳಿದೆ. ಊರವರೂ ಟ್ಯಾಂಕರ್ ನೀರಿಗೆ ಸಾಲು ನಿಂತಿದ್ದರು. ಆ ವಯಸ್ಸಿನಲ್ಲಿ ಆಕೆಯೊಬ್ಬಳೇ ಮಳೆಯಲ್ಲಿ ನೆನೆಯುತ್ತ, ಕೆಸರಲ್ಲಿ ನಿಂತು, ಒರತೆಯ ಬೂದಿಗೆಸರನ್ನು ಬುಟ್ಟಿಯಲ್ಲಿ ಎತ್ತಿ ಎತ್ತಿ ಹೊರಗೆ ಹಾಕಿದಳಂತೆ.

ನಾನು ಮರಳಿದಾಗ ಜ್ವರದಲ್ಲಿ ಚಾಪೆ ಹಿಡಿದಿದ್ದಳು. ಕೆಮ್ಮು ಮಾತಾಡಲು ಬಿಡುತ್ತಿರಲಿಲ್ಲ. ನನ್ನನ್ನು ನೋಡಿ, "ಬಂದ್ಯಾ? ಸಲಿಕಿ ತಂದಿಯೇನು?" ಎಂದು ಕೇಳಿದಳು. ಅದರಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ತಡೆಯಲಾಗಲಿಲ್ಲ. ಮೂರನೆಯ ದಿನ ತೀರಿಕೊಂಡಳು. ಶವಕ್ಕೆ ಹೊದಿಸುವ ಬಟ್ಟೆಯನ್ನು ನೆನೆಸಿ ತರಲು ಹಳ್ಳದಲ್ಲಿ ತಿಳಿನೀರು ಇರಲಿಲ್ಲ. ಟ್ಯಾಂಕರಿನ ನೀರನ್ನೇ ಬಳಸಿದೆವು.

ಕಾರ್ಯ ಮುಗಿದ ಮೇಲೆ ಆಕೆಯ ಮಗಳು ನನ್ನ ಅಂಗಿ ತಂದುಕೊಟ್ಟಳು. ಆರೂ ತೂತುಗಳಿಗೆ ಅದೇ ಬಣ್ಣದ ದಾರ ಹುಡುಕಿ ಹೊಲಿದಿದ್ದಳು ದೊಡ್ಡವ್ವ. ಹತ್ತಿರದಿಂದ ನೋಡಿದರೂ ಗೊತ್ತಾಗುತ್ತಿರಲಿಲ್ಲ.

ಒರತೆ ಮತ್ತೆ ತಿಳಿಯಾಗಲು ಎರಡು ಮಳೆಗಾಲ ಬೇಕಾಯಿತು. ಈಗಲೂ ಪ್ರತಿ ಮಳೆಯ ನಂತರ ಆ ಅಂಗಿ ತೊಟ್ಟು ನಾನೇ ತೋಡುತ್ತೇನೆ. ಬಿಳಿ ತುಂಡು ಅದ್ದಿ ನೋಡಿ, ತುಂಬಿಕೊಳ್ಳಿ ಎನ್ನುತ್ತೇನೆ. ಎಂಥ ಒಳ್ಳೆಯ ಮನುಷ್ಯ ಎಂದು ಊರವರು ಹೊಗಳುತ್ತಾರೆ. ಅದನ್ನು ಕೇಳಿಕೊಂಡು ಇಷ್ಟು ದಿನ ಸುಮ್ಮನಿದ್ದೆ.

ಆಕೆ ಮುಚ್ಚಿಟ್ಟದ್ದನ್ನು ಇಂದು ನಾನೇ ಬರೆದಿದ್ದೇನೆ. ನಾಳೆ ಬೆಳಿಗ್ಗೆ, ಕೊಡ ಹಿಡಿದು ಬಂದವರಿಗೆ ಮೊದಲು ಇದನ್ನು ಓದಿ ಹೇಳುತ್ತೇನೆ. ನೀರು ಆಮೇಲೆ.