ಅಡಿವೆಪ್ಪ ಅಂಕಲ್ ಮತ್ತು ಕಾಲುವೆ ದೋಣಿಯ ಸೂಪು

ನ್ಯೂಯಾರ್ಕ್ ಕಡೆಯ ಹಿಲ್ಸ್‌ಬರೋದಲ್ಲಿ ನಮ್ಮ ಪಕ್ಕದ ಮನೆಯ ಅಡಿವೆಪ್ಪ ಅಂಕಲ್ ಹೊರಗಿನ ಅಡುಗೆ ತಿನ್ನುವುದನ್ನು ಬಿಟ್ಟು ಮೂವತ್ತು ವರ್ಷದ ಮೇಲಾಗಿತ್ತು. ಯುಗಾದಿಗೆ ಕನ್ನಡದವರೆಲ್ಲ ಸೇರಿ ಊಟ ಮಾಡುವಾಗ ಅವರೂ ಬರುತ್ತಿದ್ದರು, ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದರು. ಆದರೆ ಅವರ ಹೆಂಡತಿ ಗಿರಿಜಾದೇವಿ ಆಂಟಿ ತಂದ ಪಾತ್ರೆ ಬರುವವರೆಗೆ ತಟ್ಟೆ ಖಾಲಿಯೇ ಇರುತ್ತಿತ್ತು.

ಇದಕ್ಕೆ ಕಾರಣವನ್ನು ಅವರೇ ನಮಗೆ ಹೇಳಿದ್ದಾರೆ. ಬಾಗಲಕೋಟೆಯಿಂದ ಬಂದ ಮೊದಲ ವರ್ಷ ಎಡಿಸನ್ ಎಂಬ ಊರಿನ ಆಫೀಸ್ ಕ್ಯಾಂಟೀನಿನಲ್ಲಿ ಅವರು ದಿನವೂ ತರಕಾರಿ ಸೂಪು ಕುಡಿದರು, ಹನ್ನೊಂದು ತಿಂಗಳು. ಹುಟ್ಟಿದಾಗಿನಿಂದ ಮಾಂಸ ಮುಟ್ಟದ ಮನೆ ಅವರದು. ಒಂದು ದಿನ ಕ್ಯಾಂಟೀನಿನ ಅಡುಗೆಮನೆಯ ಬಾಗಿಲು ತೆರೆದಿತ್ತು. ಒಲೆಯ ಪಕ್ಕ ದನದ ಎಲುಬು ಕುದಿಸಿದ ರಸದ ದೊಡ್ಡ ಡಬ್ಬಿ ಕಂಡಿತು. ಆ ರಸದಲ್ಲೇ ತರಕಾರಿ ಬೇಯಿಸುತ್ತಿದ್ದರು. ಯಾರೂ ಅವರಿಗೆ ಸುಳ್ಳು ಹೇಳಿರಲಿಲ್ಲ, ಸೂಪಿನಲ್ಲಿ ತರಕಾರಿ ಇದ್ದದ್ದೂ ನಿಜ. ಅದೇ ಅವರನ್ನು ಹೆಚ್ಚು ಕಾಡಿತು.

ಅವರ ಕೆಲಸವೂ ಅಂಥದ್ದೇ. ನಿವೃತ್ತರಾಗುವವರೆಗೂ ಔಷಧದ ಕಂಪನಿಯೊಂದರ ಲ್ಯಾಬಿನಲ್ಲಿ ಮಾತ್ರೆಗಳನ್ನು ಪರೀಕ್ಷೆ ಮಾಡುತ್ತಿದ್ದರು. "ಲಕ್ಷ ಗುಳಿಗಿ ಚಲೋ ಇದ್ರೂ ನಾವು ಹುಡುಕೂದು ಆ ಒಂದು ಕೆಟ್ಟದ್ದನ್ನ" ಎನ್ನುತ್ತಿದ್ದರು.

ಈ ಅನುಮಾನದ ಭಾರವೆಲ್ಲ ಬಿದ್ದದ್ದು ಆಂಟಿಯ ಮೇಲೆ. ಅಂಕಲ್‌ಗೆ ಪಿತ್ತಕೋಶದ ಆಪರೇಷನ್ ಆದಾಗ ಆಂಟಿ ಹಿಮದಲ್ಲಿ ಡ್ರೈವ್ ಮಾಡಿಕೊಂಡು ಮೂರು ಹೊತ್ತೂ ಆಸ್ಪತ್ರೆಗೆ ಬುತ್ತಿ ಒಯ್ದರು. ಅವರು ಮದುವೆಯಾದ ಮೇಲೆ ಒಂದು ದಿನವೂ ಅಡುಗೆ ತಪ್ಪಿಸಿಲ್ಲ ಎಂದು ಅಮ್ಮ ಹೇಳುತ್ತಾಳೆ. ನಾನು ಆಂಟಿಯನ್ನೇ ಕೇಳಿದೆ. ಅವರು ಸ್ವಲ್ಪ ಯೋಚಿಸಿ, "ಹೆರಿಗಿ ಆದಾಗ ಎರಡು ದಿವಸ" ಎಂದರು.

ಆ ಹೆರಿಗೆಯಲ್ಲಿ ಹುಟ್ಟಿದವಳು ಸೌಜನ್ಯಾ ಅಕ್ಕ. ಈಗ ಮೆಟುಚೆನ್‌ನಲ್ಲಿದ್ದಾಳೆ, ನ್ಯೂಯಾರ್ಕಿಗೆ ಕಮ್ಯೂಟ್ ಮಾಡುತ್ತಾಳೆ. ಕಳೆದ ಚಳಿಗಾಲದಲ್ಲಿ ಅವಳು ಅಪ್ಪ ಅಮ್ಮನಿಗೆ ಫ್ರಾನ್ಸಿನ ಕಾಲುವೆಯೊಂದರಲ್ಲಿ ಆರು ದಿನದ ಪ್ರವಾಸ ಗೊತ್ತುಮಾಡಿದಳು. ಹಿಂದೆ ಕಾಳು, ಕಲ್ಲಿದ್ದಲು ಸಾಗಿಸುತ್ತಿದ್ದ ಉದ್ದನೆಯ ದೋಣಿಯನ್ನು ಹೋಟೆಲಿನಂತೆ ಮಾಡಿದ್ದಾರೆ. ದೋಣಿಗೇ ಒಬ್ಬ ಬಾಣಸಿಗ, ಊಟಕ್ಕೆ ಬಗೆಬಗೆಯ ವೈನ್. ಆಂಟಿಗೆ ಮಂಡಿನೋವು, ಹೆಚ್ಚು ನಡೆಯಲಾಗುವುದಿಲ್ಲ.

"ಎಂಟೇ ಜನ ಅಪ್ಪ. It goes so slow. ನೀವು ಸುಮ್ನೆ ಕೂತಿದ್ರೆ ಆಯ್ತು."

"ಸುಮ್ನ ಕುಂದ್ರಿಸಿ ಉಣಿಸ್ತಾರ ಅಂದ್ರ, ಏನ್ ಉಣಿಸ್ತಾರ ನೋಡಬೇಕು."

ಅಂಕಲ್ ಜಾಹೀರಾತಿನ ಚಿತ್ರವನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ, ಬಾಣಸಿಗನ ಬೆನ್ನ ಹಿಂದಿನ ಗೂಡನ್ನು ನೋಡಿದರು. "ಈ ಡಬ್ಬಿ ಯಾತರದು?"

"ಅಪ್ಪ, ಅದು ಲ್ಯಾಂಪ್."

"ದೀಪಕ್ಕ ಮುಚ್ಚಳ ಯಾಕ?"

ಫೆಬ್ರವರಿಯಲ್ಲಿ ಆ ದೋಣಿಯವರು ಮೆಟುಚೆನ್‌ನ ಒಂದು ಹಾಲ್‌ನಲ್ಲಿ, ಬರಲಿರುವ ಅತಿಥಿಗಳಿಗೆ ರುಚಿ ತೋರಿಸಲು ಮಧ್ಯಾಹ್ನದ ಊಟ ಇಟ್ಟರು. ನಾನು ಅಲ್ಲಿರಲಿಲ್ಲ. ನಡೆದದ್ದನ್ನು ಸೌಜನ್ಯಾ ಅಕ್ಕ ನನಗೆ ಎರಡು ಸಲ ಹೇಳಿದ್ದಾಳೆ, ಎರಡು ಸಲವೂ ಒಂದೇ ರೀತಿ ಹೇಳಿದಳು.

ಬಾಣಸಿಗನ ಹೆಸರು ಡೇನಿಯಲ್. ಅಂಕಲ್ ಬುತ್ತಿ ತಂದಿದ್ದರು, ಸೂಪಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಪ್ರಶ್ನೆ ಕೇಳತೊಡಗಿದರು. ಸೂಪಿಗೆ ಹಾಕಿದ ನೀರು ಯಾವುದು? ಮಾಂಸ ಕಲಕಿದ ಸೌಟು ಬೇರೆಯೋ? ಬರೀ ನೀರು, ಸೌಟು ಬೇರೆ ಎಂದು ಡೇನಿಯಲ್ ಎಲ್ಲಕ್ಕೂ ಉತ್ತರಿಸಿದ. ಅವರು ಕೇಳದ ಎರಡು ಸಂಗತಿಗಳನ್ನೂ ಹೇಳಿದ. ತಮ್ಮಲ್ಲಿನ ಹೆಚ್ಚಿನ ಚೀಸ್‌ಗಳಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯ ಅಂಶ ಹಾಕಿರುತ್ತದೆ, ಕೆಲವು ವೈನ್‌ಗಳನ್ನು ಮೀನಿನ ಅಂಶದಿಂದ ತಿಳಿಗೊಳಿಸಿರುತ್ತಾರೆ, ನಿಮಗೆ ಅವೆರಡೂ ಇಲ್ಲದವನ್ನು ಬೇರೆ ಇಡುತ್ತೇನೆ ಎಂದ.

ಅಂಕಲ್ ಮಗಳ ಕಡೆ ಬಾಗಿದರು. "ಕೇಳದ್ದನ್ನ ಯಾಕ ಹೇಳಿದ ಇವ? ಸಣ್ಣದು ಒಪ್ಪಿಕೊಂಡು ದೊಡ್ಡದು ಮುಚ್ಚಿಡಾಕತ್ತಾನ."

ಕೊನೆಗೆ ಅವರು ಒಂದು ದಾರಿ ಸೂಚಿಸಿದರು. ದೋಣಿಯ ಅಡುಗೆಮನೆಯಲ್ಲಿ ತಮ್ಮ ಹೆಂಡತಿ ನಿಂತು ನೋಡಿಕೊಳ್ಳಲಿ, ಬೇಕಾದರೆ ತಮಗೆ ನಾಲ್ಕು ರೊಟ್ಟಿ ಬಡಿಯಲಿ. ಡೇನಿಯಲ್ ಆಗದು ಎಂದ. ಜಾಗ ಇಕ್ಕಟ್ಟು, ಅತಿಥಿಗಳನ್ನು ಒಳಗೆ ಬಿಡುವಂತಿಲ್ಲ, ಅದು ದೋಣಿಯ ನಿಯಮ.

"ನೋಡಿದೇನ? ಒಳಗ ಬಿಡೂದಿಲ್ಲ!" ಅಂಕಲ್ ಗೆದ್ದವರಂತೆ ಹೆಂಡತಿಯ ಕಡೆ ತಿರುಗಿದರು.

ಆಂಟಿ ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಆರು ದಿವಸ ಅಡಗಿಮನಿ ಒಳಗ ನನ್ನ ಬಿಡೂದಿಲ್ಲಂತೇನು?"

"ಇಲ್ಲಂತ."

"ಸೌಜಿ, ಇನ್ನೊಮ್ಮೆ ಕೇಳು. ಖರೇನ ಬಿಡೂದಿಲ್ಲೇನು?"

ಅಕ್ಕ ಕೇಳಿದಳು. ಡೇನಿಯಲ್ ತುಂಬ ಸಂಕೋಚದಿಂದ, ಕ್ಷಮಿಸಿ, ಖಂಡಿತ ಆಗುವುದಿಲ್ಲ ಎಂದ.

"ಹಂಗಾದ್ರ ನಾ ಬರ್ತೀನಂತ ಹೇಳು." ಆಂಟಿ ಚಮಚ ತೆಗೆದುಕೊಂಡು ಸೂಪು ಕುಡಿಯತೊಡಗಿದರು.

"ಗಿರಿಜಾ, ನಾ ಅಲ್ಲಿ ಉಣ್ಣೂದಿಲ್ಲ."

"ಬ್ಯಾಡ್ರಿ. ಆದ್ರ ನಾ ರೊಟ್ಟಿ ಕಟ್ಟಿಕೊಂಡು ಬರೂದಿಲ್ಲ, ಈಗ ಹೇಳೇನಿ."

ಆಮೇಲೆ ಅವರು ಡೇನಿಯಲ್ ಬೇರೆ ಇಟ್ಟ ವೈನನ್ನೂ ಒಂದು ಗುಟುಕು ಕುಡಿದರು. "ಹುಣಸಿಹಣ್ಣು ತೊಳದ ನೀರಿನಂಗೈತಿ" ಎಂದು, ಇನ್ನೊಂದು ಗುಟುಕು ಕುಡಿದರು.

ಮೇ ತಿಂಗಳಲ್ಲಿ ಆಂಟಿ ಮಗಳ ಜೊತೆ ಹೋದರು. ಅಂಕಲ್ ಹೋಗಲಿಲ್ಲ. ಮನೆಯಲ್ಲಿದ್ದ ಒಣರೊಟ್ಟಿ, ಶೇಂಗಾ ಚಟ್ನಿಯಲ್ಲಿ ಎರಡು ದಿನ ಕಳೆದರು. ಅಮ್ಮ ಊಟಕ್ಕೆ ಕರೆದರೆ "ಹೊಟ್ಟಿ ತುಂಬೇತ್ರಿ" ಎನ್ನುತ್ತಿದ್ದರು. ಮೂರನೆಯ ದಿನ ಅವರು ಅಂಗಳದಲ್ಲಿ ನಿಂತು ಆಂಟಿಗೆ ವೀಡಿಯೊ ಕಾಲ್ ಮಾಡಿದರು. ನಮ್ಮ ಕಿಟಕಿ ತೆರೆದಿತ್ತು.

"ಸೂಪಿನ್ಯಾಗ ಏನೇನ್ ಹಾಕಿದ್ದ?"

"ಕೇಳಲಿಲ್ರಿ."

"ಕೇಳಲಿಲ್ಲ?"

"ಅವತ್ತ ಎಲ್ಲಾ ಹೇಳ್ಯಾನಲ್ರಿ. ದಿನಾ ಏನ್ ಕೇಳೂದು? ಇಲ್ಲಿ ಕಾಲುವಿಗೆ ಹಿಂದ ಮುಂದ ಗೇಟ್ ಹಾಕಿ ನೀರು ತುಂಬಾಕತ್ತಾರ, ದೋಣಿ ಕುಂತಲ್ಲೇ ಮ್ಯಾಲ ಏರಾಕತ್ತೈತಿ. ನೋಡಬೇಕು, ಇಡ್ತೀನಿ."

ಅಂಕಲ್ ಫೋನ್ ಜೇಬಿಗಿಟ್ಟರು. ಆಮೇಲೆ ನಮ್ಮ ಬಾಗಿಲಿಗೆ ಬಂದರು.

"ಆಕಿ ಕೇಳೇ ಇಲ್ಲಂತ ನೋಡ್ರಿ" ಎಂದರು, ಏನೋ ಅಪಘಾತವಾದ ಹಾಗೆ.

"ಒಳಗೆ ಬನ್ನಿ, ತಟ್ಟೆ ಹಾಕ್ತೀನಿ. ಬಸ್ಸಾರು ಮಾಡಿದೀನಿ" ಎಂದಳು ಅಮ್ಮ.

"ಏನೇನ್ ಹಾಕೀರಿ?"

ಅಮ್ಮ ಒಂದೊಂದಾಗಿ ಹೇಳಿದಳು. ಎಣ್ಣೆ ಯಾವುದು ಎಂದರು. ಅಮ್ಮ ಬಾಟಲಿ ತಂದುಕೊಟ್ಟಳು. ಅವರು ಕನ್ನಡಕ ಹಾಕಿಕೊಂಡು ಲೇಬಲ್ ಪೂರ್ತಿ ಓದಿ, ತಿರುಗಿಸಿ ಹಿಂದಿನದನ್ನೂ ಓದಿದರು. ಅದಕ್ಕೆ ಎಷ್ಟು ಹೊತ್ತು ಹಿಡಿಯಿತೆಂದರೆ ಅನ್ನ ತಣ್ಣಗಾಯಿತು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು, ಉಂಡರು. ಚೆನ್ನಾಗಿದೆ ಎನ್ನಲಿಲ್ಲ. ಎರಡನೆಯ ಸಲ ಹಾಕಿಸಿಕೊಂಡರು.

"ನಾಳೆ ಏನ್ ಮಾಡ್ತೀರಿ?"

"ಬೀನ್ಸ್ ಪಲ್ಯ. ನೀವೇ ಬಂದು ಬೀನ್ಸ್ ಆರಿಸಿ ಕೊಡಿ, ನಿಮಗೂ ಸಮಾಧಾನ."

ಅಮ್ಮ ತಮಾಷೆಗೆ ಹೇಳಿದ್ದು. ಮರುದಿನ ಬೆಳಿಗ್ಗೆ ಹತ್ತಕ್ಕೆ ಅವರು ಬಂದರು. ಬೀನ್ಸನ್ನು ಮೇಜಿನ ಮೇಲೆ ಹರಡಿ, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಅರ್ಧಕ್ಕಿಂತ ಹೆಚ್ಚು ತೆಗೆದು ಎಸೆದರು. ಪಲ್ಯ ಮೂವರಿಗೆ ಸಾಲಲಿಲ್ಲ.

ಆಂಟಿ ವಾಪಸ್ ಬಂದು ಈಗ ನಾಲ್ಕು ತಿಂಗಳು. ಅಂಕಲ್ ಭಾನುವಾರ ಇನ್ನೂ ನಮ್ಮಲ್ಲಿಗೆ ಬರುತ್ತಾರೆ. ಎಣ್ಣೆ ಬಾಟಲಿ ಹೊಸದಾದರೆ ಮತ್ತೆ ಓದುತ್ತಾರೆ. ಆಂಟಿ ಆ ದಿನ ಒಲೆ ಹಚ್ಚುವುದಿಲ್ಲ. ಅವರಿಗೆಂದು ಅಮ್ಮ ಒಂದು ಡಬ್ಬಿ ತುಂಬಿ ಅಂಕಲ್ ಕೈಯಲ್ಲೇ ಕಳಿಸುತ್ತಾಳೆ.